ಇಷ್ಟು ದಿನ ನಡೀತಿತ್ತಲ್ಲ?

ನಾನು ಬಿಇ ಕೊನೇ ವರ್ಷದಲ್ಲಿದ್ದಾಗ ಕ್ಯಾಂಪಸ್‌ಗೆ ಬಂದ ಒಂದು ಕಂಪನಿಯ ರಿಟನ್ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಇತ್ತು. ‘ಐ’ ಅನ್ನೋ ವೇರಿಯೇಬಲ್‌ನಲ್ಲಿ 5 ಇದೆ. ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಮೊದಲು ‘ಐ’, ಅದರ ಪಕ್ಕ ‘ಐ ಪ್ಲಸ್ ಪ್ಲಸ್’ ಪ್ರಿಂಟ್ ಮಾಡಿದರೆ ಏನು ಬರುತ್ತೆ? ನಾಲ್ಕು ಆಯ್ಕೆ. ನಾನು ಯೋಚನೆಯೇ ಮಾಡದೆ ‘6 5’ ಅಂತ ಟಿಕ್ ಹಾಕಿದೆ. ನಮ್ಮ ಲ್ಯಾಬ್‌ನಲ್ಲಿದ್ದದ್ದು ನೀಲಿ ಪರದೆಯ ಟರ್ಬೊ ಸಿ. ಅದು ಆರ್ಗ್ಯುಮೆಂಟುಗಳನ್ನು ಬಲದಿಂದ ಎಡಕ್ಕೆ ಲೆಕ್ಕ ಹಾಕುತ್ತೆ ಅಂತ ಸೀನಿಯರ್‌ಗಳು ಕೊಟ್ಟ ಜೆರಾಕ್ಸ್ ನೋಟ್ಸ್‌ನಲ್ಲಿತ್ತು. ಹಳ್ಳಿಯಿಂದ ಬಂದ ನನಗೆ ಆ ನೋಟ್ಸೇ ವೇದ.

ನನ್ನ ರೂಮ್‌ಮೇಟ್ ಯಾವ ಆಯ್ಕೆಗೂ ಟಿಕ್ ಹಾಕಿರಲಿಲ್ಲ. ಹೊರಗೆ ಬಂದ ಮೇಲೆ, “ಲೋ, ಇದಕ್ಕೆ ಉತ್ತರಾನೇ ಇಲ್ಲ ಕಣೋ. ಪುಸ್ತಕ ನೋಡು ಬೇಕಾದ್ರೆ” ಅಂದ. ನಾವೆಲ್ಲ ನಕ್ಕೆವು. ನಾನು ಮುಂದಿನ ರೌಂಡಿಗೆ ಹೋದೆ, ಅವನು ಹೋಗಲಿಲ್ಲ. ಒಂದೇ ಪ್ರಶ್ನೆಯಿಂದ ಹೀಗಾಯ್ತು ಅಂತ ಹೇಳಲಾರೆ. ಆದರೆ ಕೆಲಸಕ್ಕೆ ಸೇರಿ ಎಷ್ಟೋ ದಿನವಾದ ಮೇಲೆ, ಆಫೀಸಿನ ಲ್ಯಾಪ್‌ಟಾಪಿನಲ್ಲಿದ್ದ ಕ್ಲಾಂಗ್ ಕಂಪೈಲರ್‌ಗೆ ಸುಮ್ಮನೆ ಅದೇ ಸಾಲನ್ನು ಕೊಟ್ಟು ನೋಡಿದೆ. ‘5 5’ ಅಂತ ಬಂತು. ಜೊತೆಗೆ ಒಂದು ವಾರ್ನಿಂಗ್ ಕೂಡ.

ರೂಮ್‌ಮೇಟ್ ಹೇಳಿದ್ದೇ ಸರಿ. ಆ ಪ್ರಶ್ನೆಗೆ ಸಿ ಭಾಷೆಯ ನಿಯಮದಲ್ಲಿ ಉತ್ತರವೇ ಇಲ್ಲ. ಒಂದು ಕಂಪೈಲರ್ ಮಾಡಿದ್ದನ್ನು ನಾವು ಭಾಷೆಯ ಗುಣ ಅಂತ ತಿಳಿದುಕೊಂಡಿದ್ದೆವು. ಇದು ಬರೀ ವಿದ್ಯಾರ್ಥಿಗಳ ತಪ್ಪಲ್ಲ. ಲಿನಕ್ಸ್ ಕರ್ನಲ್ ಬರೆಯುವವರು, ಅಡೋಬಿಯಂಥ ಕಂಪನಿಯವರು, ಕೊನೆಗೆ ಕಂಪೈಲರಿನ ವೇಗ ಅಳೆಯಲು ಇಟ್ಟುಕೊಂಡ ಪ್ರೋಗ್ರಾಮುಗಳನ್ನು ಬರೆದವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಆ ಹಳ್ಳ ಹೇಗೆ ಆಯ್ತು ಅನ್ನೋದೇ ಈ ಬರಹ.

ಮೊದಲು ವೇಗದ ಕಥೆ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ಅವರ ತಂಡ ಐಬಿಎಂ 704 ಯಂತ್ರಕ್ಕೆ ಫೋರ್ಟ್ರಾನ್ ಕಂಪೈಲರ್ ಕೊಟ್ಟರು. ಆ ಕಾಲದಲ್ಲಿ ಪ್ರೋಗ್ರಾಮರ್‌ಗಳು ಯಂತ್ರದ ಸೂಚನೆಗಳನ್ನು ಕೈಯಲ್ಲೇ ಬರೀತಿದ್ದರು, ಅದರ ಬಗ್ಗೆ ಅವರಿಗೆ ಹೆಮ್ಮೆ ಕೂಡ ಇತ್ತು. ಕಂಪೈಲರ್ ಹುಟ್ಟಿಸಿದ ಕೋಡ್ ನಿಧಾನ ಆದರೆ ಯಾರೂ ಮೂಸಿ ನೋಡಲ್ಲ ಅನ್ನೋ ಭಯ ಬ್ಯಾಕಸ್ ತಂಡಕ್ಕಿತ್ತು. ಹಾಗಾಗಿ ಆ ಮೊದಲ ಫೋರ್ಟ್ರಾನ್ ಕಂಪೈಲರೇ ಒಂದು ಆಪ್ಟಿಮೈಸರ್. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಪೆರು ಎಂಬ ಸಣ್ಣ ಊರಿನ ರೈತರ ಮಗಳು ಫ್ರಾನ್ಸಿಸ್ ಆಲನ್, ಓದಿನ ಸಾಲ ತೀರಿಸೋಕೆ ಅಂತ ಐಬಿಎಂ ಸೇರಿದರು. ಅಲ್ಲಿನ ವಿಜ್ಞಾನಿಗಳಿಗೆ ಈ ಹೊಸ ಭಾಷೆ ಕಲಿಸುವುದು ಅವರ ಮೊದಲ ಕೆಲಸ. ಸಾಲ ತೀರಿದ ಮೇಲೆ ಬಿಡಬೇಕು ಅಂದುಕೊಂಡಿದ್ದವರು ಅಲ್ಲೇ ಉಳಿದು, ಆಪ್ಟಿಮೈಸೇಷನ್ನಿಗೆ ಶಾಸ್ತ್ರದ ಬುನಾದಿ ಹಾಕಿದರು. ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ, 2006ರ ಸಾಲಿನಲ್ಲಿ.

ಆಪ್ಟಿಮೈಸರ್ ಕೆಲಸ ಏನು? ನೀವು ಬರೆದದ್ದನ್ನು ಬಿಟ್ಟು, ಅದೇ ಫಲ ಕೊಡುವ, ಆದರೆ ಬೇಗ ಓಡುವ ಬೇರೆ ಕೋಡನ್ನು ಬರೆಯುವುದು. ‘ಅದೇ ಫಲ’ ಅಂದರೆ ಯಾವುದು ಅಂತ ಯಾರು ಹೇಳಬೇಕು? ಭಾಷೆಯ ನಿಯಮ ಹೇಳಬೇಕು. ನಿಯಮ ಸುಮ್ಮನಿದ್ದರೆ? ತೊಂದರೆ ಶುರುವಾಗೋದು ಅಲ್ಲೇ.

ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆ ಕಟ್ಟಿದಾಗ ನಿಯಮ ಅನ್ನೋದು ಇರಲೇ ಇಲ್ಲ. ಕಂಪೈಲರ್ ಏನು ಮಾಡುತ್ತೋ ಅದೇ ನಿಯಮ. 1978ರಲ್ಲಿ ಬ್ರಯನ್ ಕರ್ನಿಗನ್ ಜೊತೆ ಸೇರಿ ಅವರು ಬರೆದ ಪುಸ್ತಕ ಬಂತು, ನಾವೆಲ್ಲ ‘ಕೆ ಅಂಡ್ ಆರ್’ ಅನ್ನೋದು ಇದನ್ನೇ. ಅಷ್ಟು ಹೊತ್ತಿಗೆ ಸಿ ಪಿಡಿಪಿ-11 ದಾಟಿ ಹನಿವೆಲ್, ಐಬಿಎಂ, ಇಂಟರ್‌ಡೇಟಾ ಯಂತ್ರಗಳ ಮೇಲೂ ಓಡ್ತಿತ್ತು. ಒಂದರಲ್ಲಿ ಇಂಟ್ ಅಂದರೆ 16 ಬಿಟ್, ಇನ್ನೊಂದರಲ್ಲಿ 32, ಹನಿವೆಲ್‌ನಲ್ಲಿ 36. ಆಗಿನ ಕಂಪ್ಯೂಟರ್ ಲೋಕದಲ್ಲಿ ಮೈನಸ್ ಸಂಖ್ಯೆಗಳನ್ನು ಇಡುವ ಕ್ರಮ ಕೂಡ ಎಲ್ಲ ಕಡೆ ಒಂದೇ ಇರಲಿಲ್ಲ.

1983ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆ ಎಕ್ಸ್3ಜೆ11 ಅನ್ನೋ ಸಮಿತಿ ಮಾಡಿತು. 1989ರಲ್ಲಿ ಸ್ಟ್ಯಾಂಡರ್ಡ್ ಬಂತು. ಸಮಿತಿಯವರ ಕಷ್ಟ ಊಹಿಸಿ. ಒಂದು ಇಂಟ್ ಸಂಖ್ಯೆ ತನ್ನ ಮಿತಿ ದಾಟಿದರೆ ಏನಾಗಬೇಕು? ಒಂದು ಯಂತ್ರದಲ್ಲಿ 32767ಕ್ಕೆ ಒಂದು ಕೂಡಿಸಿದರೆ ಮೈನಸ್ 32768 ಬರುತ್ತೆ. ಇನ್ನೊಂದರಲ್ಲಿ ಬೇರೆ ಏನೋ ಬರುತ್ತೆ. ಮತ್ತೊಂದು ಯಂತ್ರ ‘ತಪ್ಪಾಯ್ತು’ ಅಂತ ಪ್ರೋಗ್ರಾಮನ್ನೇ ನಿಲ್ಲಿಸುತ್ತೆ. ಯಾವುದೋ ಒಂದನ್ನು ನಿಯಮ ಮಾಡಿದರೆ ಉಳಿದ ಯಂತ್ರಗಳಲ್ಲಿ ಸಿ ಆಮೆಯಾಗುತ್ತೆ. ಹಾಗಾಗಿ ಕೆಲವನ್ನು ‘ಕಂಪೈಲರ್ ಬರೆದವರೇ ತೀರ್ಮಾನಿಸಿ, ಆದರೆ ಮ್ಯಾನ್ಯುಯಲ್‌ನಲ್ಲಿ ಬರೆದಿಡಿ’ ಅಂದರು. ಕೆಲವನ್ನು ‘ಇಂತಿಷ್ಟರಲ್ಲಿ ಯಾವುದಾದರೂ ಸರಿ’ ಅಂದರು. ಇನ್ನು ಕೆಲವಕ್ಕೆ ‘ಅನ್‌ಡಿಫೈನ್ಡ್ ಬಿಹೇವಿಯರ್’ ಅಂತ ಹೆಸರಿಟ್ಟು ಕೈ ಬಿಟ್ಟರು. ಅಂದರೆ ಪ್ರೋಗ್ರಾಮ್ ಅಂಥದ್ದನ್ನು ಮಾಡಿದರೆ ಮುಂದೆ ಏನಾಗುತ್ತೆ ಅನ್ನೋ ಬಗ್ಗೆ ನಿಯಮ ಏನೂ ಹೇಳಲ್ಲ. ಇಂಟ್ ಮಿತಿ ದಾಟುವುದು, ನಲ್ ಪಾಯಿಂಟರ್ ಮೂಲಕ ಓದುವುದು, ಅರೇ ಆಚೆ ಕೈ ಹಾಕುವುದು, ನಮ್ಮ ‘ಐ ಪ್ಲಸ್ ಪ್ಲಸ್’ ಪ್ರಶ್ನೆ, ಎಲ್ಲ ಈ ಪಟ್ಟಿಯಲ್ಲಿವೆ. ಹಿಡಿಯೋಕೆ ಕಷ್ಟವಾದ ತಪ್ಪುಗಳನ್ನು ಕಂಪೈಲರ್ ಹಿಡಿಯಲೇಬೇಕು ಅನ್ನೋ ಒತ್ತಾಯ ಬೇಡ ಅನ್ನೋದು ಇದರ ಹಿಂದಿನ ಒಂದು ಉದ್ದೇಶ. ಆ ಖಾಲಿ ಜಾಗ ಬಿಟ್ಟದ್ದು ಹೆಚ್ಚುಕಮ್ಮಿ ಯಂತ್ರಗಳ ಮೇಲಿನ ದಾಕ್ಷಿಣ್ಯಕ್ಕೆ.

ಆದರೆ ಖಾಲಿ ಜಾಗವನ್ನು ಬೇರೆ ಥರವೂ ಓದಬಹುದು. ‘ಇದು ಆದರೆ ಏನಾದರೂ ಆಗಬಹುದು’ ಅನ್ನೋದನ್ನು ‘ಇದು ಆಗೋದೇ ಇಲ್ಲ ಅಂತ ನಾನು ನಂಬಬಹುದು’ ಅಂತ ತಿರುಗಿಸಿಕೊಂಡರೆ, ಆಪ್ಟಿಮೈಸರ್‌ಗೆ ದೊಡ್ಡ ಲಾಟರಿ. ಈ ಅಪಾಯದ ವಾಸನೆ ರಿಚಿಗೆ ಮೊದಲೇ ಬಡಿದಿತ್ತು. ಸಮಿತಿ ‘ನೋಏಲಿಯಾಸ್’ ಅನ್ನೋ ಹೊಸ ಪದ ಸೇರಿಸೋಕೆ ಹೊರಟಾಗ, 1988ರಲ್ಲಿ ಅವರು ಕಟುವಾಗಿ ಒಂದು ಪತ್ರ ಬರೆದರು. ಸಮಿತಿಯ ನಿಯಮದ ಪ್ರಕಾರ ಪೂರ್ತಿ ಸರಿಯಾದ, ಆದರೆ ನೋಡೋಕೆ ಸುರಕ್ಷಿತವಾಗೇ ಕಾಣುವ ಪ್ರೋಗ್ರಾಮುಗಳನ್ನು ಚಿಂದಿ ಮಾಡುವ ಆಪ್ಟಿಮೈಸೇಷನ್‌ಗಳಿಗೆ ಇದು ಪರವಾನಗಿ ಅನ್ನೋದು ಅವರ ವಾದದ ಸಾರ. ನೋಏಲಿಯಾಸ್ ಬಿದ್ದುಹೋಯಿತು. ಆದರೆ ಅವರು ಹೇಳಿದ ಆ ಪರವಾನಗಿ ಸ್ಟ್ಯಾಂಡರ್ಡಿನ ಬೇರೆ ಮೂಲೆಗಳಲ್ಲಿ ಉಳಿದೇ ಇತ್ತು.

ಸುಮಾರು ಹತ್ತು ವರ್ಷ ಏನೂ ಆಗಲಿಲ್ಲ, ಯಾಕಂದರೆ ಅದನ್ನೆಲ್ಲ ಬಳಸಿಕೊಳ್ಳುವಷ್ಟು ಕಂಪೈಲರುಗಳು ಜಾಣ ಆಗಿರಲಿಲ್ಲ. ಆ ಹತ್ತು ವರ್ಷದಲ್ಲಿ ಒಂದು ತಲೆಮಾರು ‘ಇಂಟ್ ಸುತ್ತಿಕೊಂಡು ಮೈನಸ್ ಆಗುತ್ತೆ’ ಅಂತ ನೋಡಿ ನೋಡಿ ಕಲಿತುಬಿಟ್ಟಿತು. ನಮ್ಮೂರಲ್ಲಿ ಇಂಥ ದಾರಿಗಳಿವೆ. ಒಬ್ಬರ ಹೊಲದ ಬದುವಿನ ಪಕ್ಕ ಎರಡು ತಲೆಮಾರಿಂದ ಬಂಡಿ ಹೋಗ್ತಿರುತ್ತೆ, ಆದರೆ ಗ್ರಾಮ ನಕಾಶೆಯಲ್ಲಿ ಆ ದಾರಿ ಇರಲ್ಲ. ಹೊಲ ಮಾರಾಟವಾಗಿ ಹೊಸಬರು ನಕಾಶೆ ಹಿಡಿದು ಬೇಲಿ ಹಾಕಿದ ದಿನವೇ ಊರಿಗೆ ಅದು ಗೊತ್ತಾಗೋದು. “ಇಷ್ಟು ದಿನ ನಡೀತಿತ್ತಲ್ಲ?” ಅಂತ ಇವರು. “ಕಾಗದ ತೋರಿಸಿ” ಅಂತ ಅವರು.

ಸಿ ಲೋಕದಲ್ಲಿ ಮೊದಲ ದೊಡ್ಡ ಬೇಲಿ ಬಿದ್ದದ್ದು 1999ರಲ್ಲಿ. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ ಜಿಸಿಸಿ ಅಷ್ಟು ಹೊತ್ತಿಗೆ ಉಚಿತ ಸಾಫ್ಟ್‌ವೇರ್ ಲೋಕದ ಊರುಗೋಲಾಗಿತ್ತು. ಅದರ 2.95 ಆವೃತ್ತಿ, ‘ಬೇರೆ ಬೇರೆ ಟೈಪಿನ ಎರಡು ಪಾಯಿಂಟರ್‌ಗಳು ಒಂದೇ ಜಾಗವನ್ನು ತೋರಿಸಲ್ಲ’ ಅಂತ ನಂಬಿ ಓದು-ಬರಹಗಳ ಕ್ರಮ ಬದಲಿಸುವ ಆಪ್ಟಿಮೈಸೇಷನ್ನನ್ನು ತಾನಾಗೇ ಆನ್ ಮಾಡಿತು. ನಿಯಮದಲ್ಲಿ ಹಾಗೇ ಇತ್ತು, ಕೋಡ್‌ನಲ್ಲಿ ಹಾಗಿರಲಿಲ್ಲ. ಎಷ್ಟೋ ಪ್ರೋಗ್ರಾಮುಗಳು ಮುರಿದು, 2.95.2ರಲ್ಲಿ ಅದನ್ನು ಮತ್ತೆ ಆಫ್ ಮಾಡಬೇಕಾಯ್ತು. 3.0ರಲ್ಲಿ ಅದು ವಾಪಸ್ ಬಂತು. ಲಿನಕ್ಸ್ ಕರ್ನಲ್ ಮಾತ್ರ ಇವತ್ತಿಗೂ ಆ ನಂಬಿಕೆ ಬೇಡ ಅಂತ ಫ್ಲ್ಯಾಗ್ ಹಾಕಿಯೇ ಕಂಪೈಲ್ ಆಗುತ್ತೆ.

ಎರಡನೇ ಜಗಳ ಇನ್ನೂ ಬಿಸಿ. ಮಿತಿ ದಾಟಿತಾ ಅಂತ ನೋಡೋಕೆ ನಾವು ಹೇಗೆ ಬರೀತೀವಿ? ‘ಎ’ಗೆ 100 ಕೂಡಿಸು, ಬಂದ ಉತ್ತರ ‘ಎ’ಗಿಂತ ಚಿಕ್ಕದಾದರೆ ಸುತ್ತಿಕೊಂಡಿದೆ ಅಂತ ಅರ್ಥ. ಕಂಪೈಲರ್ ಇದನ್ನು ಹೀಗೆ ಓದುತ್ತೆ: ಇಂಟ್ ಮಿತಿ ದಾಟೋದೇ ಇಲ್ಲ ಅಂತ ನಾನು ನಂಬಬಹುದು, ಹಾಗಾದರೆ ‘ಎ’ಗೆ 100 ಕೂಡಿಸಿದ್ದು ಯಾವಾಗಲೂ ‘ಎ’ಗಿಂತ ದೊಡ್ಡದೇ, ಈ ಪರೀಕ್ಷೆ ದಂಡ, ತೆಗೆದುಬಿಡೋಣ. ಕಳ್ಳ ಬಂದರೆ ಕೂಗು ಅಂತ ಇಟ್ಟ ನಾಯಿಯನ್ನು, ಕಳ್ಳರು ಬರೋದೇ ಇಲ್ಲ ಅಂತ ಅಂದುಕೊಂಡು ಓಡಿಸಿದ ಹಾಗೆ. 2007ರ ಜನವರಿಯಲ್ಲಿ ಒಬ್ಬರು ಇದನ್ನು ಜಿಸಿಸಿಯ ಬಗ್ ಅಂತ ದಾಖಲಿಸಿದರು. ಇದು ಬಗ್ ಅಲ್ಲ, ಸ್ಟ್ಯಾಂಡರ್ಡ್ ಓದಿ ಅನ್ನೋದು ಜಿಸಿಸಿಯವರ ಉತ್ತರ. ಸುರಕ್ಷತೆಯ ಪರೀಕ್ಷೆಗಳೇ ಮಾಯವಾಗ್ತಿವೆ, ಇದಕ್ಕಿಂತ ದೊಡ್ಡ ಬಗ್ ಯಾವುದು ಅನ್ನೋದು ಇವರ ವಾದ. ಮಾತಿಗೆ ಮಾತು ಬೆಳೆಯಿತು. 2008ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಜಿಸಿಸಿಯನ್ನು ಹೆಸರಿಸಿ ಎಚ್ಚರಿಕೆ ಹೊರಡಿಸಿತು. ಬೇರೆ ಕಂಪೈಲರುಗಳೂ ಇದನ್ನೇ ಮಾಡುತ್ತವಲ್ಲ, ನಮ್ಮೊಬ್ಬರ ಹೆಸರು ಯಾಕೆ ಅಂತ ತಕರಾರು ಬಂದ ಮೇಲೆ ಅದನ್ನು ತಿದ್ದಿ ಉಳಿದವರನ್ನೂ ಸೇರಿಸಿತು.

ಜಿಸಿಸಿಯವರು ಹಟಕ್ಕೆ ಹೀಗೆ ಮಾಡಿದರು ಅಂದುಕೊಳ್ಳಬೇಡಿ. ಲೂಪಿನ ಎಣಿಕೆ ಸುತ್ತಿಕೊಳ್ಳಲ್ಲ ಅಂತ ಗೊತ್ತಿದ್ದರೆ ಆ ಲೂಪನ್ನು ಬಹಳ ಬೇಗ ಓಡುವ ಹಾಗೆ ಮಾಡಬಹುದು. 64 ಬಿಟ್ ಯಂತ್ರಗಳಲ್ಲಿ ಇದರ ಲಾಭ ಇನ್ನೂ ಜಾಸ್ತಿ. ‘ನಮ್ಮ ಕೋಡ್ ಮುರೀತು’ ಅಂತ ಬೈಯುವ ನಾವೇ ‘ನಿಮ್ಮ ಕಂಪೈಲರ್ ಸ್ಲೋ’ ಅಂತಲೂ ಬೈತೀವಿ.

ಆಮೇಲೆ 2009ರ ಜುಲೈ. ಲಿನಕ್ಸ್ ಕರ್ನಲ್‌ನ ಟನ್ ಅನ್ನೋ ನೆಟ್‌ವರ್ಕ್ ಡ್ರೈವರ್‌ನಲ್ಲಿ ಎರಡು ಸಾಲು ಇದ್ದವು. ಮೊದಲ ಸಾಲು ಒಂದು ಪಾಯಿಂಟರ್ ಮೂಲಕ ಏನನ್ನೋ ಓದುತ್ತೆ. ಎರಡನೆಯದು ‘ಆ ಪಾಯಿಂಟರ್ ನಲ್ ಆಗಿದ್ದರೆ ಎರರ್ ಹೇಳಿ ವಾಪಸ್ ಹೋಗು’ ಅನ್ನುತ್ತೆ. ಕ್ರಮ ತಿರುಗುಮುರುಗು, ಕೋಡ್ ರಿವ್ಯೂನಲ್ಲಿ ತಪ್ಪಿಹೋಗುವಂಥದ್ದು. ಸಾಮಾನ್ಯವಾಗಿ ಇಂಥ ತಪ್ಪಿಗೆ ಕರ್ನಲ್ ಅಲ್ಲೇ ಕುಸಿಯುತ್ತೆ, ಕಥೆ ಮುಗಿಯುತ್ತೆ. ಆದರೆ ಕಂಪೈಲರ್ ಯೋಚಿಸಿದ್ದು ಹೀಗೆ: ಮೊದಲ ಸಾಲಿನಲ್ಲಿ ಈ ಪಾಯಿಂಟರ್ ಬಳಸಿ ಆಗಿದೆ, ನಲ್ ಆಗಿದ್ದರೆ ಅದು ಅನ್‌ಡಿಫೈನ್ಡ್, ಅಂದರೆ ಇದು ನಲ್ ಅಲ್ಲ, ಅಂದರೆ ಎರಡನೇ ಸಾಲು ಬೇಡ. ಪರೀಕ್ಷೆ ಹೋಯ್ತು. ಮೆಮೊರಿಯ ಸೊನ್ನೆ ವಿಳಾಸದಲ್ಲಿ ತನಗೆ ಬೇಕಾದ ಡೇಟಾ ಇಟ್ಟುಕೊಳ್ಳುವ ಉಪಾಯ ಗೊತ್ತಿದ್ದವನಿಗೆ ಈಗ ಮೊದಲ ಸಾಲು ಕುಸಿಯಲ್ಲ, ಎರಡನೇ ಸಾಲು ತಡೆಯಲ್ಲ. ಸೆಕ್ಯುರಿಟಿ ಸಂಶೋಧಕ ಬ್ರಾಡ್ ಸ್ಪೆಂಗ್ಲರ್ ಇದನ್ನು ಹಿಡಿದು, ಸಾಮಾನ್ಯ ಬಳಕೆದಾರ ರೂಟ್ ಆಗಿಬಿಡುವುದನ್ನು ಮಾಡಿ ತೋರಿಸಿದರು. ಸೋರ್ಸ್ ಕೋಡ್ ಓದಿದರೆ ಪರೀಕ್ಷೆ ಕಣ್ಣೆದುರಿಗೇ ಇದೆ, ಯಂತ್ರದಲ್ಲಿ ಓಡುವ ಕೋಡ್‌ನಲ್ಲಿ ಇಲ್ಲ. ಕರ್ನಲ್‌ನವರು ಎರಡು ಸಾಲುಗಳ ಕ್ರಮ ಸರಿಮಾಡಿದರು. ಜೊತೆಗೆ ‘ನಲ್ ಪರೀಕ್ಷೆ ತೆಗೀಬೇಡ’ ಅನ್ನೋ ಫ್ಲ್ಯಾಗನ್ನೂ ಹಾಕಿಕೊಂಡರು.

ಮರುವರ್ಷದ ಘಟನೆ ಕಂಪೈಲರ್‌ನದಲ್ಲ, ಅದರ ಜೊತೆಗಾರ ಸಿ ಲೈಬ್ರರಿಯದ್ದು. ಆದರೆ ಜಾತಿ ಒಂದೇ. 2010ರಲ್ಲಿ ಫೆಡೋರಾ 14 ಬಳಸಿದವರಿಗೆ ಬ್ರೌಸರಿನ 64 ಬಿಟ್ ಫ್ಲ್ಯಾಶ್‌ನಲ್ಲಿ ಹಾಡು ಹಾಕಿದರೆ ಕರಕರ ಸದ್ದು. ಮೆಮ್‌ಕಾಪಿ ಅನ್ನೋ ಫಂಕ್ಷನ್ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲು ಮಾಡುತ್ತೆ. ಎರಡು ಜಾಗಗಳು ಒಂದರ ಮೇಲೊಂದು ಬರಬಾರದು, ಬಂದರೆ ಮೆಮ್‌ಮೂವ್ ಬಳಸಿ ಅಂತ ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಇದೆ. ಫ್ಲ್ಯಾಶ್ ಅದನ್ನು ಪಾಲಿಸಿರಲಿಲ್ಲ. ಹಳೇ ಮೆಮ್‌ಕಾಪಿ ಮುಂದಿನಿಂದ ಹಿಂದಕ್ಕೆ ನಕಲು ಮಾಡ್ತಿದ್ದರಿಂದ ಹೇಗೋ ನಡೀತಿತ್ತು. ಹೊಸ ಪ್ರೊಸೆಸರ್‌ಗಳಿಗೆ ವೇಗವಾಗಲಿ ಅಂತ ಬರೆದ ಹೊಸ ಮೆಮ್‌ಕಾಪಿ ಕೆಲವು ಸಲ ಹಿಂದಿನಿಂದ ಶುರು ಮಾಡಿತು. ಅಷ್ಟಕ್ಕೇ ಹಾಡು ಕೆಟ್ಟಿತು.

ತಪ್ಪು ಅಡೋಬಿಯದು ಅನ್ನೋದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಆದರೂ ಲೈನಸ್ ಟೋರ್ವಾಲ್ಡ್ಸ್ ಫೆಡೋರಾದ ಬಗ್ ಪುಟಕ್ಕೆ ಬಂದು ಲೈಬ್ರರಿಯವರ ಜೊತೆಗೇ ವಾದಕ್ಕಿಳಿದರು. ಮ್ಯಾನ್ಯುಯಲ್ ಏನು ಹೇಳುತ್ತೆ ಅನ್ನೋದು ಬಳಕೆದಾರನಿಗೆ ಬೇಕಿಲ್ಲ, ನಿನ್ನೆ ಕೇಳ್ತಿದ್ದ ಹಾಡು ಇವತ್ತು ಕೇಳ್ತಿಲ್ಲ ಅನ್ನೋದಷ್ಟೇ ಅವನಿಗೆ ಗೊತ್ತು ಅನ್ನೋ ನಿಲುವು ಅವರದು. ಕೊನೆಗೆ ಸಿಕ್ಕ ಪರಿಹಾರ ನನಗೆ ತುಂಬಾ ಇಷ್ಟ. 2011ರಲ್ಲಿ ಬಂದ ಗ್ಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಎರಡು ಆವೃತ್ತಿ ಮಾಡಿದರು. ಮೊದಲೇ ಕಂಪೈಲ್ ಆಗಿದ್ದ ಹಳೇ ಪ್ರೋಗ್ರಾಮುಗಳಿಗೆ ಮೆಮ್‌ಮೂವ್ ಥರ ನಡೆಯುವ ಸುರಕ್ಷಿತ ಆವೃತ್ತಿ, ಹೊಸದಾಗಿ ಕಂಪೈಲ್ ಆಗುವವಕ್ಕೆ ವೇಗದ್ದು. ಹಳಬರ ಬಂಡಿಗೆ ದಾರಿ ಬಿಟ್ಟು ಉಳಿದ ಕಡೆ ಬೇಲಿ.

2013ರ ಒಂದು ಪ್ರಸಂಗ ನೆನೆದರೆ ನಗು ಬರುತ್ತೆ. ಕಂಪೈಲರುಗಳ ವೇಗವನ್ನು ಹೋಲಿಸೋಕೆ ಸ್ಪೆಕ್ ಅನ್ನೋ ಪ್ರೋಗ್ರಾಮುಗಳ ಗುಂಪಿದೆ. ಅದರಲ್ಲಿನ ಒಂದು ವಿಡಿಯೋ ಪ್ರೋಗ್ರಾಮ್, 16 ಮನೆಗಳ ಅರೇಯಲ್ಲಿ ಹದಿನೇಳನೇ ಮನೆಯನ್ನು ಓದಿದ ಮೇಲೆ ‘ಮುಗಿಯಿತಾ?’ ಅಂತ ಕೇಳ್ತಿತ್ತು. ಜಿಸಿಸಿ 4.8 ಹದಿನೇಳನೇ ಮನೆ ಇಲ್ಲವೇ ಇಲ್ಲ, ಹಾಗಾಗಿ ಲೂಪ್ ಅಲ್ಲಿಗೆ ಹೋಗಲ್ಲ, ಹಾಗಾಗಿ ಲೂಪ್ ಮುಗಿಯೋದೇ ಇಲ್ಲ ಅಂತ ತರ್ಕ ಮಾಡಿತು. ವೇಗ ಅಳೆಯುವ ಪ್ರೋಗ್ರಾಮೇ ಕೊನೆಯಿಲ್ಲದೆ ಸುತ್ತತೊಡಗಿತು. ಅದೇ ವರ್ಷ ಎಂಐಟಿಯ ಸಂಶೋಧಕರು ಸ್ಟ್ಯಾಕ್ ಅನ್ನೋ ಸಾಧನ ಕಟ್ಟಿ, ಕಂಪೈಲರ್ ಹೀಗೆ ಎಸೆದುಬಿಡಬಹುದಾದ ಕೋಡನ್ನು ಹುಡುಕಿದರು. ಸಿ, ಸಿ++ ಇರುವ 8,575 ಡೆಬಿಯನ್ ಪ್ಯಾಕೇಜುಗಳಲ್ಲಿ ಶೇ. 40ರಲ್ಲಿ ಅಂಥದ್ದು ಸಿಕ್ಕಿತು. ಅಂದರೆ ಇದು ದಡ್ಡರ ಸಮಸ್ಯೆ ಅಲ್ಲ.

ಹಾಗಾದರೆ ಯಾರು ಸರಿ? ನಾನು ವರ್ಷಗಟ್ಟಲೆ ‘ನಿಯಮ ಓದದೆ ಬರೆದವರದ್ದೇ ತಪ್ಪು’ ಅಂತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳೋಕೆ ಬಾಯಿ ಬರಲ್ಲ. ನಿಯಮ ಬರೆದವರು ಯಂತ್ರಗಳಿಗಾಗಿ ಜಾಗ ಬಿಟ್ಟರು. ಪ್ರೋಗ್ರಾಮರ್‌ಗಳು ಕಣ್ಣಿಗೆ ಕಂಡದ್ದನ್ನು ನಂಬಿದರು. ಕಂಪೈಲರ್ ಬರೆದವರು ಕಾಗದದಲ್ಲಿದ್ದದ್ದನ್ನು ನಂಬಿದರು. ಮೂವರೂ ಪ್ರಾಮಾಣಿಕರೇ, ನಷ್ಟ ಆಗಿದ್ದು ಮಾತ್ರ ನಾಲ್ಕನೆಯವರಿಗೆ. ಇಂಥ ಜಗಳದಲ್ಲಿ ವಾದ ಗೆದ್ದು ಪರಿಹಾರ ಸಿಕ್ಕ ಉದಾಹರಣೆ ನನಗೆ ಕಂಡಿಲ್ಲ. ಪರಿಹಾರ ಸಿಕ್ಕಿದ್ದೆಲ್ಲ, ಬಾಯಿಮಾತಲ್ಲಿದ್ದ ನಂಬಿಕೆಯನ್ನು ಯಾರೋ ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟಾಗ. ಇಂಟ್ ಸುತ್ತಿಕೊಳ್ಳಲೇಬೇಕು ಅನ್ನೋ ಪೋಸ್ಟ್‌ಗ್ರೆಸ್‌ನವರು ಅದನ್ನು ಫ್ಲ್ಯಾಗ್ ಮಾಡಿ ಬಿಲ್ಡ್ ಫೈಲಿನಲ್ಲೇ ಬರೆದರು. ಕ್ಲಾಂಗ್ ಮತ್ತು ಜಿಸಿಸಿ ಎರಡಕ್ಕೂ ಯುಬಿಸ್ಯಾನ್ ಬಂದು, ಪ್ರೋಗ್ರಾಮ್ ಓಡುವಾಗಲೇ ‘ಇಲ್ಲಿ ನಿಯಮ ಮೀರಿದೆ’ ಅಂತ ಹೇಳತೊಡಗಿತು. ಮೈನಸ್ ಸಂಖ್ಯೆ ಇಡುವ ಕ್ರಮ ಒಂದೇ ಅಂತ ಸಿ23 ಕೊನೆಗೂ ಬರೆಯಿತು. ಆದರೆ ಇಂಟ್ ಮಿತಿ ದಾಟುವುದು ಅದರಲ್ಲೂ ಅನ್‌ಡಿಫೈನ್ಡ್ ಆಗಿಯೇ ಉಳಿದಿದೆ.

ಹೊಸ ಭಾಷೆಗಳು ಇದರಿಂದ ಎರಡು ಥರ ಪಾಠ ಕಲಿತವು. 2012ರ ಗೋ 1ರಲ್ಲಿ, ಮ್ಯಾಪ್‌ನಲ್ಲಿರುವ ವಸ್ತುಗಳ ಕ್ರಮವನ್ನು ಯಾರೂ ನಂಬಿಕೊಳ್ಳದಿರಲಿ ಅಂತ ಪ್ರತಿ ಸಲವೂ ಬೇಕಂತಲೇ ಕಲಸಿ ಕೊಡುವ ಹಾಗೆ ಮಾಡಿದರು. ಜನ ನಡೆದು ದಾರಿ ಆಗುವ ಮೊದಲೇ ನೆಲ ಉಳುವ ಉಪಾಯ ಅದು. ಪೈಥಾನ್ ಉಲ್ಟಾ ಹೋಯಿತು. 3.6ರಲ್ಲಿ ಡಿಕ್ಷನರಿಗಳು ಸೇರಿಸಿದ ಕ್ರಮವನ್ನೇ ಉಳಿಸಿಕೊಂಡಾಗ, ಇದನ್ನು ನಂಬಬೇಡಿ ಅಂದಿದ್ದರು. ಜನ ನಂಬಿದರು. 2018ರ 3.7ರಲ್ಲಿ ಅದನ್ನೇ ಭಾಷೆಯ ನಿಯಮ ಮಾಡಿದರು. ನಕಾಶೆಯಲ್ಲಿ ದಾರಿ ಸೇರಿಸಿದ ಹಾಗೆ. ಎರಡೂ ಒಳ್ಳೆಯದೇ. ಕೆಟ್ಟದ್ದು ಅಂದರೆ, ದಾರಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದೆ ಇಪ್ಪತ್ತು ವರ್ಷ ಬಂಡಿ ಹೊಡೆಯೋದು.

ಈಗ ನಾನೇ ಇಂಟರ್‌ವ್ಯೂ ತಗೋತೀನಿ. ಹೋದ ವರ್ಷ ಫ್ರೆಶರ್‌ಗಳ ಟೆಸ್ಟಿಗೆ ಅಂತ ಹಳೇ ಪ್ರಶ್ನೆಗಳ ಫೈಲ್ ಒಂದು ನನ್ನ ಕೈಗೆ ಬಂತು. ತೆರೆದು ನೋಡಿದರೆ ಅದೇ ‘ಐ’, ಅದೇ ‘ಐ ಪ್ಲಸ್ ಪ್ಲಸ್’, ಅದೇ ನಾಲ್ಕು ಆಯ್ಕೆ. ಪ್ರಶ್ನೆಯನ್ನು ಅಳಿಸಬೇಕು ಅಂದುಕೊಂಡವನು ಅಳಿಸಲಿಲ್ಲ. ಐದನೇ ಆಯ್ಕೆ ಸೇರಿಸಿದೆ: ‘ಹೇಳಲು ಬರುವುದಿಲ್ಲ’. ಸರಿಯುತ್ತರದ ಕಾಲಂನಲ್ಲಿ ಐದು ಅಂತ ಹಾಕಿ, ಆ ಪುಟದ ಫೋಟೋ ತೆಗೆದು ರೂಮ್‌ಮೇಟ್‌ಗೆ ಕಳಿಸಿದೆ. ಅವನು ಈಗ ಬೇರೆ ಊರಲ್ಲಿದ್ದಾನೆ, ನನಗಿಂತ ಚೆನ್ನಾಗೇ ಇದ್ದಾನೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಹನ್ನೆರಡು ವರ್ಷ ಬೇಕಾಯ್ತಲ್ಲೋ ಮಾರಾಯ.”